ಗ್ರೈಂಡರ್ ಹಿಡಿದ ಕೈಗೆ ಕೆಲಸ ಗೊತ್ತಿದೆಯೇ?

ನೀವು ಮನೆ ಕಟ್ಟಿಸುತ್ತಿರಬಹುದು. ಇಲ್ಲವೇ ನಿಮ್ಮ ಮಗನೋ ತಮ್ಮನೋ ಟೈಲ್ಸ್ ಅಥವಾ ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಿರಬಹುದು. ಅಲ್ಲಿ ಗ್ರೈಂಡರ್ ಹಿಡಿದವನಿಗೆ ಅದನ್ನು ನಡೆಸಲು ಬರುತ್ತದೆ ಎಂದು ನಿಮಗೆ ಹೇಗೆ ಗೊತ್ತು?

'ಐದು ವರ್ಷದಿಂದ ಮಾಡುತ್ತಿದ್ದಾನೆ' ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಐದು ವರ್ಷವೂ ತಪ್ಪಾಗಿಯೇ ಮಾಡಿರಬಹುದಲ್ಲ! ಕೆಲವರು ಲೇಬರ್ ಕಾರ್ಡ್ ತೋರಿಸುತ್ತಾರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಆ ಕಾರ್ಡಿಗೆ ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಸೌಲಭ್ಯಗಳಿಗಾಗಿ ಅದು ಬೇಕೇ ಬೇಕು, ಇನ್ನೂ ಮಾಡಿಸದವರು ಮಾಡಿಸಿಕೊಳ್ಳಿ. ಆದರೆ ಯಾರಿಗೆ ಯಾವ ಯಂತ್ರ ನಡೆಸಲು ಬರುತ್ತದೆ ಎಂಬುದು ಅದರಲ್ಲಿಲ್ಲ.

ಅದನ್ನು ತಿಳಿಯಬೇಕಾದರೆ ಕೆಲಸವನ್ನೇ ನೋಡಬೇಕು. ಹತ್ತು ನಿಮಿಷ ಸಾಕು. ಮೇಸ್ತ್ರಿಯನ್ನೂ ನಿಲ್ಲಿಸಿಕೊಂಡು, 'ಡಿಸ್ಕ್ ಬದಲಿಸಿ ತೋರಿಸು' ಎಂದು ಹೇಳಿ. ಬಲ್ಲವನು ಮೊದಲು ಪ್ಲಗ್ ಕೀಳುತ್ತಾನೆ. ಹೊಸ ಡಿಸ್ಕಿನಲ್ಲಿ ಬಿರುಕಿದೆಯೇ, ಅವಧಿ ಮುಗಿದಿದೆಯೇ ಎಂದು ನೋಡುತ್ತಾನೆ. ಡಿಸ್ಕಿನ ಮೇಲೆ ಬರೆದ ವೇಗ ಯಂತ್ರದ ವೇಗಕ್ಕಿಂತ ಕಡಿಮೆಯಿದ್ದರೆ ಅದನ್ನು ಬದಿಗಿಡುತ್ತಾನೆ. ಹಾಕಿದ ಮೇಲೆ ಯಾರಿಗೂ ಎದುರಾಗದಂತೆ ಹಿಡಿದು ಸ್ವಲ್ಪ ಹೊತ್ತು ಖಾಲಿ ಓಡಿಸುತ್ತಾನೆ. ಕತ್ತರಿಸುವ ವಸ್ತುವನ್ನು ಕಾಲಲ್ಲಿ ಒತ್ತಿ ಹಿಡಿಯುವುದಿಲ್ಲ, ಕ್ಲಾಂಪ್ ಹಾಕುತ್ತಾನೆ. ಸ್ವಿಚ್ ಆರಿಸಿದ ಮೇಲೂ ಡಿಸ್ಕ್ ತಿರುಗುತ್ತಲೇ ಇರುವುದರಿಂದ, ಅದು ಪೂರ್ತಿ ನಿಲ್ಲುವವರೆಗೆ ಯಂತ್ರವನ್ನು ಕೆಳಗಿಡುವುದಿಲ್ಲ.

ಇಷ್ಟೆಲ್ಲ ಯಾಕೆ? ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿರುತ್ತದೆ. ಡಿಸ್ಕ್ ಒಡೆದರೆ ಚೂರು ಅದೇ ವೇಗದಲ್ಲಿ ಹಾರುತ್ತದೆ. ಅದನ್ನು ತಡೆಯುವುದಕ್ಕೇ ಗಾರ್ಡ್ ಇರುವುದು. ನಮ್ಮಲ್ಲಿ ಅಡ್ಡಿಯಾಗುತ್ತದೆಂದು ಮೊದಲು ಬಿಚ್ಚುವುದೂ ಅದನ್ನೇ! ಗಾರ್ಡ್ ತೆಗೆದು ದೊಡ್ಡ ಡಿಸ್ಕ್ ಹಾಕುವವರಿದ್ದಾರೆ, ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವವರೂ ಇದ್ದಾರೆ. ಅಂಥವನು ಎಷ್ಟೇ ಚುರುಕಿನ ಕೆಲಸಗಾರನಾದರೂ ಈ ಪರೀಕ್ಷೆಯಲ್ಲಿ ಪಾಸಲ್ಲ. ಡ್ರಿಲ್ ಚೆನ್ನಾಗಿ ನಡೆಸುವವನಿಗೆ ಗ್ರೈಂಡರ್ ಬರುತ್ತದೆ ಎಂದೂ ಇಲ್ಲ. ಯಾರಿಗೆ ಯಾವ ಯಂತ್ರ ಬರುತ್ತದೆ, ಯಾರು ನೋಡಿದರು, ಯಾವ ದಿನ ನೋಡಿದರು ಎಂದು ಒಂದು ಪುಸ್ತಕದಲ್ಲಿ ಬರೆದಿಡಲು ಕಾಂಟ್ರಾಕ್ಟರಿಗೆ ಹೇಳಿ.

ವೈದ್ಯಕೀಯ ತಿಳಿಯದವನು ಚಿಕಿತ್ಸೆಗೆ ಕೈಹಾಕಿದರೆ ಆಗುವ ಹಾನಿಗೆ ಅವನೇ ಹೊಣೆ ಎಂಬ ಆಶಯದ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ತಿಳಿಯದ ಕೆಲಸಕ್ಕೆ ಒಬ್ಬನನ್ನು ನಿಲ್ಲಿಸುವ ಮೊದಲು ನಾವು ಇದನ್ನು ನೆನೆಯುವುದು ಒಳ್ಳೆಯದು.

ಗಲ್ಫಿಗೆ ಹೊರಟವರ ಮನೆಯವರಿಗೆ ಇನ್ನೊಂದು ಮಾತು. ಸೌದಿ ಅರೇಬಿಯಾ ಈಗ ಪ್ಲಂಬರ್, ಇಲೆಕ್ಟ್ರಿಶಿಯನ್, ವೆಲ್ಡರ್ ಮುಂತಾದವರಿಗೆ ವೀಸಾಕ್ಕೆ ಮೊದಲು ಭಾರತದಲ್ಲೇ ಕೌಶಲ ಪರೀಕ್ಷೆ ನಡೆಸುತ್ತಿದೆ. ಏಜೆಂಟರ ಮೂಲಕ ಅನುಭವದ ಪತ್ರ ಬರೆಸಿಕೊಂಡರೆ ಅದು ವೀಸಾ ಕೊಡಿಸೀತು, ಆದರೆ ಬೆರಳು ಉಳಿಸಲಾರದು. ಹೊರಡುವ ಮೊದಲು ಒಳ್ಳೆಯ ಮೇಸ್ತ್ರಿಯ ಕೈಕೆಳಗೆ ಮೂರು ತಿಂಗಳು ಕಲಿಯಲು ಬಿಡಿ. ಆ ಮೂರು ತಿಂಗಳ ಸಂಪಾದನೆ ಹೋದರೂ ಪರವಾಗಿಲ್ಲ.

ಗಾಯ ಕಣ್ಣಿಗೆ ಕಾಣುತ್ತದೆ, ಧೂಳಿನ ಹಾನಿ ಹಾಗೆ ಕಾಣುವುದಿಲ್ಲ. ಗ್ರಾನೈಟ್, ಟೈಲ್ಸ್, ಕಾಂಕ್ರೀಟ್ ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ನೆಲೆನಿಂತರೆ ಸಿಲಿಕೋಸಿಸ್ ಬರುತ್ತದೆ. ಇದನ್ನು ಗುಣಪಡಿಸುವ ಮದ್ದಿಲ್ಲ, ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಮುಖಕ್ಕೆ ಬೈರಾಸು ಸುತ್ತಿಕೊಂಡರೆ ಈ ಧೂಳು ನಿಲ್ಲುವುದಿಲ್ಲ. ವುಝೂವಿನಲ್ಲಿ ಮೂಗು ತೊಳೆದರೂ ಒಳಗಿಳಿದ ಸಣ್ಣ ಕಣ ಹೊರಬರುವುದಿಲ್ಲ. ಎನ್-95 ಮಾಸ್ಕ್ ಒಳ್ಳೆಯದೇ, ಆದರೆ ಗಡ್ಡವಿದ್ದರೆ ಅದು ಮುಖಕ್ಕೆ ಸರಿಯಾಗಿ ಅಂಟುವುದಿಲ್ಲ, ಸಂದಿಯಿಂದ ಧೂಳು ಒಳಬರುತ್ತದೆ. ಗಡ್ಡ ಬಿಟ್ಟವರು ಧೂಳು ಏಳದಂತೆ ನೋಡಿಕೊಳ್ಳುವುದೇ ಮುಖ್ಯ. ಅದಕ್ಕೆ ನೀರು ಹಾಯಿಸಿ ಕತ್ತರಿಸಬೇಕು. ನೀರು ಬಳಸುವಾಗ ಅದಕ್ಕೆಂದೇ ಮಾಡಿದ ಯಂತ್ರವಿರಲಿ, ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಮಾಮೂಲಿ ಗ್ರೈಂಡರಿಗೆ ನೀರು ಸುರಿದರೆ ಶಾಕ್ ಹೊಡೆದೀತು.

ಕೆಲಸದ ಬಟ್ಟೆಯನ್ನು ಅಂಗಳದಲ್ಲಿ ಕೊಡವಬೇಡಿ. ಹಾಗೆ ಮಾಡಿದರೆ ಆ ಧೂಳನ್ನು ಒಗೆಯುವ ತಾಯಿಯೋ ಹೆಂಡತಿಯೋ ಉಸಿರಾಡಬೇಕಾಗುತ್ತದೆ. ಬಾಗಿಲ ಹೊರಗೇ ಬಕೆಟಿನ ನೀರಿನಲ್ಲಿ ಮುಳುಗಿಸಿ, ಮಕ್ಕಳ ಬಟ್ಟೆಯ ಜೊತೆ ಸೇರಿಸದೆ ಬೇರೆಯಾಗಿ ಒಗೆಯಿರಿ.