ಮಾತು ತಡವಾದ ಮಗುವಿಗೆ ಅಕ್ಷರದ ದಾರಿ

ಗಡಿನಾಡಿನ ಕನ್ನಡ ಶಾಲೆಯೊಂದು ಐವತ್ತು ಸಂವತ್ಸರಗಳನ್ನು ಪೂರೈಸುವುದು ಸಾಮಾನ್ಯ ಸಂಗತಿಯಲ್ಲ. ಈ ಸಂಭ್ರಮದ ಗಳಿಗೆಯಲ್ಲಿ, ತರಗತಿಯ ಕೊನೆಯ ಸಾಲಿನಲ್ಲಿ ಮೌನವಾಗಿ ಕುಳಿತಿರುವ ಮಗುವನ್ನೂ ನೆನೆಯುವುದು ಉಚಿತವೆಂದು ಭಾವಿಸುತ್ತೇನೆ. ಕಿವಿ ಮಂದವಾದ, ದೃಷ್ಟಿ ಇಲ್ಲದ, ಬುದ್ಧಿಯ ಬೆಳವಣಿಗೆ ನಿಧಾನವಾದ, ಆಟಿಸಂ ಇರುವ ಮಕ್ಕಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮನೆಗಳಲ್ಲಿ ಹುಟ್ಟಿದ ಇಂತಹ ಮಗುವಿಗೆ ಇನ್ನೊಂದು ತೊಡಕೂ ಉಂಟು. ಮನೆಯ ಮಾತು ಕನ್ನಡ. ಬೀದಿಯ, ಕಚೇರಿಯ, ಆಸ್ಪತ್ರೆಯ ಮಾತು ತೆಲುಗು.

‘ಮೊದಲೇ ಮಾತು ತಡ; ಎರಡು ಭಾಷೆಗಳ ಭಾರವೇಕೆ? ಕನ್ನಡವನ್ನು ಬಿಡಿಸಿಬಿಡಿ’ ಎಂಬ ಸಲಹೆ ತಂದೆತಾಯಿಗಳ ಕಿವಿಗೆ ಬೀಳುವುದುಂಟು. ಸಲಹೆಯ ಹಿಂದಿನ ಉದ್ದೇಶ ಒಳ್ಳೆಯದೇ ಆದರೂ ಅದಕ್ಕೆ ಆಧಾರವಿಲ್ಲ. ಡೌನ್ ಸಿಂಡ್ರೋಮ್ ಮತ್ತು ಆಟಿಸಂ ಇರುವ ಮಕ್ಕಳ ಮೇಲೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳು, ಎರಡು ಭಾಷೆಗಳ ಪರಿಸರವು ಅವರ ಮಾತಿನ ಬೆಳವಣಿಗೆಯನ್ನು ಕುಂಠಿತಗೊಳಿಸುವುದಿಲ್ಲವೆಂದೇ ತೋರಿಸಿವೆ. ಮನೆಯ ಮಾತನ್ನು ಬಿಡಿಸಿದರೆ ಮಗು ಕಳೆದುಕೊಳ್ಳುವುದು ಅಜ್ಜಿಯ ಕಥೆಯನ್ನು, ತಾಯಿಯ ಜೋಗುಳವನ್ನು. ಅಂದರೆ ಮಾತು ಹುಟ್ಟುವ ನೆಲೆಯನ್ನೇ.

ಮಾತಿಗಿಂತ ಮೊದಲು ಸಂವಹನ

ಮಾತು ತಡವಾದಾಗ ಮೊದಲು ಆಗಬೇಕಾದುದು ಕಿವಿಯ ಪರೀಕ್ಷೆ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ಕನ್ನಡದಲ್ಲಿಯೇ ವಿಚಾರಿಸಿ ತಿಳಿಯಬಹುದು. ಅನಂತರದ ಕೆಲಸ ಮನೆ ಮತ್ತು ಶಾಲೆಗಳದು. ಬೆಲ್ಲವನ್ನೂ ಕಡಲೆಯನ್ನೂ ಎರಡು ಕೈಗಳಲ್ಲಿ ಹಿಡಿದು ‘ಯಾವುದು ಬೇಕು?’ ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಕಾಯಬೇಕು. ಮಗುವಿನ ನೋಟ, ಬೆರಳು, ಒಂದು ಸಣ್ಣ ದನಿ, ಎಲ್ಲವೂ ಉತ್ತರವೇ. ಆ ಉತ್ತರವನ್ನು ಮನ್ನಿಸಿ ‘ಬೆಲ್ಲ ಬೇಕು’ ಎಂದು ನಾವು ನುಡಿದು ಕೊಡಬೇಕು. ನೀರು, ಊಟ, ನೋವು, ಸಾಕು ಇವುಗಳ ಚಿತ್ರಗಳನ್ನು ಒಂದು ರಟ್ಟಿಗೆ ಅಂಟಿಸಿ, ಕೆಳಗೆ ಪದವನ್ನು ಬರೆದಿಟ್ಟರೆ ಅದೇ ಮಗುವಿನ ನಾಲಿಗೆಯೂ ಮೊದಲ ಪುಸ್ತಕವೂ ಆಗುತ್ತದೆ. ಚಿತ್ರ ತೋರಿಸುವ ಅಭ್ಯಾಸದಿಂದ ಮಾತು ನಿಂತುಹೋಗುತ್ತದೆಂಬ ಭಯಕ್ಕೆ ಕಾರಣವಿಲ್ಲ.

ಅಕ್ಷರಗಳ ಕ್ರಮ

ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ಕಲಿತ ಮೇಲೆಯೇ ಓದು ಎಂಬ ಪದ್ಧತಿಯು ಈ ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ಬೇರೆ ದಾರಿ ಹಿಡಿಯಿತು. ಅದಕ್ಕೆ ಪ್ರೇರಣೆ ದೊರೆತುದು ನಮ್ಮ ರಾಯಲಸೀಮೆಯ ಮದನಪಲ್ಲಿಯ ಸಮೀಪದ ರಿಷಿ ವ್ಯಾಲಿಯಿಂದ ಎಂಬುದು ನಾವು ಹೆಮ್ಮೆಪಡಬೇಕಾದ ವಿಷಯ. ಅಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುತ್ತದೆ. ನಿಧಾನವಾಗಿ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರಿಲ್ಲ.

ಗಡಿನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಅನೇಕ ಅಕ್ಷರಗಳಲ್ಲಿ ತಲೆಕಟ್ಟು ಮಾತ್ರ ಬೇರೆ. ಆದುದರಿಂದ ಎರಡು ಲಿಪಿಗಳನ್ನು ಒಂದೇ ದಿನ ತೋರಿಸದೆ, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಪರಿಚಯಿಸುವುದು ಲೇಸು. ಕನ್ನಡದೊಳಗೇ ಒಂದನ್ನೊಂದು ಹೋಲುವ ಪ, ಷ, ವ, ಮ ಗಳನ್ನೂ ದಿನಗಳ ಅಂತರವಿಟ್ಟು ಕಲಿಸಬೇಕು. ಮರಳಿನ ಮೇಲೆ ಬೆರಳಾಡಿಸುವುದು, ಹುಣಸೆಬೀಜಗಳನ್ನು ಜೋಡಿಸುವುದು ಹಳೆಯ ಉಪಾಯಗಳಾದರೂ ಇಂದಿಗೂ ಫಲಕಾರಿ.

ದೃಷ್ಟಿ ಇಲ್ಲದ ಮಗುವಿಗೆ ಈ ತೊಡಕೇ ಇಲ್ಲ! ಭಾರತೀ ಬ್ರೈಲ್ ಲಿಪಿಯಲ್ಲಿ ಒಂದೇ ಧ್ವನಿಗೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅವೇ ಚುಕ್ಕೆಗಳು: ‘ಅ’ ಎಂದರೆ ಒಂದನೆಯ ಚುಕ್ಕೆ, ‘ಕ’ ಎಂದರೆ ಒಂದು ಮತ್ತು ಮೂರನೆಯ ಚುಕ್ಕೆಗಳು. ನಡುವೆ ಬರುವ ನಾಲ್ಕನೆಯ ಚುಕ್ಕೆಯೊಂದು ಅರ್ಧಾಕ್ಷರವನ್ನು ಸೂಚಿಸಿದರೆ ‘ಅಕ್ಕ’ ಸಿದ್ಧ. ಕನ್ನಡ ಬ್ರೈಲ್ ಕಲಿತ ಬೆರಳು ತೆಲುಗಿನ ಪುಟದಲ್ಲಿಯೂ ಅಕ್ಷರಗಳನ್ನು ಗುರುತಿಸಬಲ್ಲದು.

ನಮ್ಮ ಹೊಣೆ

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು, ನಿಗದಿತ ಪ್ರಮಾಣದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ, ತನ್ನ ಆಯ್ಕೆಯಂತೆ, ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ನೀಡಿದೆ. ಸಂವಿಧಾನದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಈ ಎರಡೂ ಸೇರುವ ಸ್ಥಳವೇ ಗಡಿನಾಡಿನ ಕನ್ನಡ ಶಾಲೆ. ಕೊನೆಯ ಸಾಲಿನ ಆ ಮಗು ತನ್ನ ಹೆಸರನ್ನು ತಾನೇ ಗುರುತಿಸಿ ಬೆರಳಿಟ್ಟು ತೋರಿಸಿದ ದಿನ ನಮ್ಮ ಸುವರ್ಣ ಮಹೋತ್ಸವಕ್ಕೆ ನಿಜವಾದ ಕಳೆ ಬಂದೀತು.