ಗಜನಿಯ ಪಾಳುಹೊಂಡಗಳ ಮಣ್ಣು-ನೀರಿನ ಪರೀಕ್ಷೆ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಉಪ್ಪುನೀರು ಹೊಕ್ಕುಹೊರಡುವ ತಗ್ಗುಭೂಮಿಗೆ ಗಜನಿಯೆಂದು ಹೆಸರು. ಮಳೆಗಾಲದಲ್ಲಿ ಉಪ್ಪನ್ನು ಸಹಿಸತಕ್ಕ ಕಗ್ಗವೆಂಬ ಬತ್ತ, ಅನಂತರ ಮೀನು-ಸಿಗಡಿ: ಇದು ಅಲ್ಲಿನ ಪೂರ್ವಪದ್ಧತಿ. 1990ರ ದಶಕದಲ್ಲಿ ಸಿಗಡಿಗೆಂದೇ ಸಿದ್ಧಪಡಿಸಿದ ಹೊಂಡಗಳಲ್ಲಿ ಹಲವು ಬಿಳಿಚುಕ್ಕೆ ರೋಗದಿಂದ ಪಾಳುಬಿದ್ದುವು.

ಇವನ್ನು ಪುನರುದ್ಧರಿಸುವ ಮುನ್ನ ಮಣ್ಣನ್ನು ಎರಡಾವೃತ್ತಿ ಪರೀಕ್ಷಿಸತಕ್ಕುದು: ಹಸಿಯಾಗಿದ್ದಾಗ ಒಮ್ಮೆ, ಕೆಲವು ವಾರ ಗಾಳಿಗಾರಿದ ಮೇಲೆ ಮತ್ತೊಮ್ಮೆ. ಕಾಂಡ್ಲಗಿಡಗಳಿದ್ದ ಕೆಸರಿನಲ್ಲಿ ಕಬ್ಬಿಣ-ಗಂಧಕಗಳ ಸಂಯುಕ್ತವಡಗಿರುವುದುಂಟು. ನೀರಿನಡಿಯಲ್ಲಿ ಸುಮ್ಮನಿರುವ ಅದು ಗಾಳಿ ಸೋಕಿದೊಡನೆ ಗಂಧಕಾಮ್ಲವನ್ನು ಹುಟ್ಟಿಸತೊಡಗುತ್ತದೆ. ಹಸಿಯಲ್ಲಿ 7ರಷ್ಟಿದ್ದ ರಸಸಾರವು ಒಣಗಿದಾಗ 4ಕ್ಕಿಂತ ಕೆಳಗಿಳಿದರೆ ದೋಷವು ನಿಶ್ಚಿತ. ಸುಣ್ಣವೂ ಪದೇಪದೇ ತೊಳೆಯುವುದೂ ಅವಶ್ಯ. ನೀರಿನ ರಸಸಾರವು 7.5ರಿಂದ 8.5ರೊಳಗಿರಬೇಕು, ಲೀಟರಿಗೆ ಸುಮಾರು 5 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು.

ಆಮ್ಲವು ಅಡಗದ ಕಡೆ ಕಟ್ಟೆಯನ್ನೊಡೆದು, ಉಬ್ಬರವನ್ನು ಒಳಬಿಟ್ಟು, ನೆಲವನ್ನು ಕಾಂಡ್ಲಕ್ಕೇ ಒಪ್ಪಿಸುವುದು ಲೇಸು.