ಜಪಸರ ಮುಗಿದ ಮೇಲೆ ಪಾತ್ರೆ ತೊಳೆಯೋರು ಯಾರು? ಹಾಸನದ ಕಥೋಲಿಕ ಮನೆಗಳ ಸದ್ದಿಲ್ಲದ ಪಾವಿತ್ರ್ಯ

ಹಾಸನ ಜಿಲ್ಲೆಯಲ್ಲಿ 'ಕುಟುಂಬ' ಅಂದ ಕೂಡಲೇ ಮಾತು ರಾಜಕೀಯಕ್ಕೆ ಹೊರಳುತ್ತೆ. ಹೊಳೆನರಸೀಪುರದ ಕಡೆಗಂತೂ ಆ ಪದಕ್ಕೆ ಬೇರೆ ಅರ್ಥವೇ ಇಲ್ಲವೇನೋ ಅನ್ನಿಸಿಬಿಡುತ್ತೆ. 'ಕ್ರೈಸ್ತರು' ಅಂದರೆ ಮತಾಂತರದ ಜಗಳ. 2022ರಲ್ಲಿ ಅದಕ್ಕೊಂದು ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ವಾಪಸ್ ಪಡೆಯೋ ತೀರ್ಮಾನ ಮಾಡಿತು. ಯಾರು ಹೊಸದಾಗಿ ಸೇರ್ತಿದ್ದಾರೆ ಅನ್ನೋದೇ ಚರ್ಚೆ. ತಲೆಮಾರುಗಳಿಂದ ಇಲ್ಲೇ ಇರೋರು ಮನೆಯೊಳಗೆ ಹೇಗೆ ಬದುಕ್ತಾರೆ ಅಂತ ಕೇಳೋರಿಲ್ಲ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ. 1.87. ಇಷ್ಟು ಸಣ್ಣ ಗುಂಪಿನ ಬಗ್ಗೆ ಇಷ್ಟು ದೊಡ್ಡ ಗದ್ದಲ!

ರೀಲ್ಸ್ ನೋಡೋರಿಗೆ ನಮ್ಮ ಗುರುತು ಒಂದೇ, ಶೆಟ್ಟಿಹಳ್ಳಿಯ ಮುಳುಗು ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಹೇಮಾವತಿ ದಂಡೆಯಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯ ಅದು. ಗೊರೂರಿನಲ್ಲಿ ಅಣೆಕಟ್ಟು ಎದ್ದ ಮೇಲೆ ಹಿನ್ನೀರು ಅಲ್ಲಿಗೂ ಬಂತು. ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತೆ. ಊರಿನವರು ಜಾಗ ಬಿಟ್ಟು ಬೇರೆ ಕಡೆ ನೆಲೆ ಕಂಡುಕೊಂಡರು. ಕಲ್ಲು ಗಾರೆ ಅಲ್ಲೇ ಉಳೀತು, ಸಂಜೆಯ ಜಪಸರ ಮಾತ್ರ ಟ್ರಂಕು, ಪಾತ್ರೆಗಳ ಜೊತೆ ಗಾಡಿ ಹತ್ತಿತು. ಫೋಟೋ ತೆಗೆಸಿಕೊಳ್ಳೋಕೆ ಬರೋ ಜೋಡಿಗಳಿಗೆ ಗೋಡೆ ಕಾಣುತ್ತೆ, ಈ ಎರಡನೇ ಭಾಗ ಕಾಣಲ್ಲ.

ನಾನು ಈ ಜಿಲ್ಲೆಯ ಕನ್ನಡ ಕಥೋಲಿಕ ಮನೆಯಲ್ಲೇ ಬೆಳೆದವಳು. ನಮ್ಮದು 1963ರಲ್ಲಿ ಶುರುವಾದ ಚಿಕ್ಕಮಗಳೂರು ಧರ್ಮಪ್ರಾಂತ್ಯ. ಹಾಸನ ಪೇಟೆ ಬಿಟ್ಟು ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹೊರಟರೆ ನಮ್ಮವರ ಮನೆಗಳು ಅಲ್ಲೊಂದು ಇಲ್ಲೊಂದು. ಭಾನುವಾರದ ಬಲಿಪೂಜೆಗೆ ಬಸ್ಸು ಹಿಡಿದು ಹೋಗೋರೂ ಇದ್ದಾರೆ. ಉಳಿದ ಆರು ದಿನ ಎಲ್ಲ ಮನೆಯಲ್ಲೇ ಆಗಬೇಕು. ಜಪಸರ ಅಂದರೆ ಐವತ್ತು 'ನಮೋ ಮರಿಯ', ಹತ್ತರ ಐದು ಸುತ್ತು, ಸುಮಾರು ಇಪ್ಪತ್ತು ನಿಮಿಷ. ಮೂರನೇ ಸುತ್ತಿಗೆ ಮಕ್ಕಳು ತೂಕಡಿಸ್ತಾರೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೇಯಿಸೋ ದಿನಗಳಲ್ಲಿ ಬ್ಯಾರನ್ ಬೆಂಕಿ ಕಾಯೋಕೆ ಒಬ್ಬರು ಎದ್ದಿರಲೇಬೇಕು. ಆಗ ಜಪವೂ ಅರ್ಧ ಮನೆಯಲ್ಲಿ, ಅರ್ಧ ಬ್ಯಾರನ್ ಮುಂದೆ. ಇದರಲ್ಲಿ ಪವಾಡ ಏನೂ ಇಲ್ಲ.

ಆದರೆ ಇದನ್ನೇ ಧರ್ಮಸಭೆ ಪಾವಿತ್ರ್ಯ ಅಂತ ಕರೆಯುತ್ತೆ. ಬಹಳ ಕಾಲ ಸಂತರು ಅಂದರೆ ಸನ್ಯಾಸಿ, ಕನ್ಯಾಸ್ತ್ರೀ, ಬಿಷಪ್ಪು ಅಥವಾ ರಕ್ತಸಾಕ್ಷಿ ಅನ್ನೋ ತಿಳಿವಳಿಕೆ ಇತ್ತು. ಮದುವೆಯಾದೋರು ಸೆಕೆಂಡ್ ಕ್ಲಾಸ್ ಪ್ರಯಾಣಿಕರು. 1964ರ ನವೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ 'ಲೂಮೆನ್ ಜೆಂಟಿಯುಂ' ಅನ್ನೋ ದಾಖಲೆಯಲ್ಲಿ ಪಾವಿತ್ರ್ಯ ಎಲ್ಲರಿಗೂ ಬಂದ ಕರೆ, ಮನೆಯೇ ಒಂದು ಪುಟ್ಟ ಧರ್ಮಸಭೆ ಅಂತ ಹೇಳಿತು. 2018ರಲ್ಲಿ ಪೋಪ್ ಫ್ರಾನ್ಸಿಸ್ ಇನ್ನೂ ಸರಳ ಮಾಡಿ 'ಪಕ್ಕದ ಮನೆಯ ಸಂತರು' ಅಂದರು. ಮಕ್ಕಳನ್ನ ಪ್ರೀತಿಯಿಂದ ಬೆಳೆಸೋ ಅಪ್ಪ ಅಮ್ಮಂದಿರು ಆ ಪಟ್ಟಿಯಲ್ಲಿ ಮೊದಲು ಬರ್ತಾರೆ.

ಕಾಗದದ ಮೇಲೆ ಚೆನ್ನಾಗಿದೆ. ಅಧಿಕೃತ ಪಟ್ಟಿ ನೋಡಿದರೆ ಕಥೆ ಬೇರೆ. ಗೃಹಸ್ಥರಾಗಿದ್ದ ಮೊದಲ ಭಾರತೀಯ ಸಂತ ದೇವಸಹಾಯಂ ಪಿಳ್ಳೆ ಅವರಿಗೆ ಆ ಪದವಿ ಸಿಕ್ಕಿದ್ದು 2022ರ ಮೇ 15ರಂದು. ಅದೂ 1752ರಲ್ಲಿ ನಂಬಿಕೆಗಾಗಿ ಗುಂಡೇಟು ತಿಂದಿದ್ದಕ್ಕೆ, ಸಂಸಾರ ಮಾಡಿದ್ದಕ್ಕಲ್ಲ. ಕಾರಣ ಹುಡುಕೋದು ಕಷ್ಟವಿಲ್ಲ. ಒಬ್ಬರನ್ನ ಸಂತರು ಅಂತ ಘೋಷಿಸೋಕೆ ದಶಕಗಟ್ಟಲೆ ದಾಖಲೆ, ಸಾಕ್ಷಿ, ಹಣ, ಓಡಾಟ ಬೇಕು. ಮಠಗಳಿಗೆ ಅಷ್ಟು ತಾಳ್ಮೆ ಇರುತ್ತೆ, ಕಚೇರಿ ಇರುತ್ತೆ. ಆಲೂಗೆಡ್ಡೆ ಬೆಳೆದು ನಾಲ್ಕು ಮಕ್ಕಳನ್ನ ಓದಿಸಿದ ಹಾಸನದ ಹೆಂಗಸಿನ ಫೈಲು ಯಾರು ಒಯ್ತಾರೆ?

ಗಂಡ ಹೆಂಡತಿ ಇಬ್ಬರನ್ನೂ ಜೊತೆಯಾಗಿ ಸಂತರು ಅಂತ ಸಾರಿದ್ದು ಆಧುನಿಕ ಕಾಲದಲ್ಲಿ ಮೊದಲ ಬಾರಿಗೆ 2015ರ ಅಕ್ಟೋಬರ್ 18ರಂದು. ಫ್ರಾನ್ಸಿನ ಲೂಯಿ ಮತ್ತು ಝೆಲಿ ಮಾರ್ಟಿನ್, ಸಂತ ತೆರೇಸಳ ಅಪ್ಪ ಅಮ್ಮ. ಅವರ ಮದುವೆ ಆಗಿದ್ದು 1858ರಲ್ಲಿ, ಅಂದರೆ ಹೆಚ್ಚುಕಡಿಮೆ ಅವರ ದೇಶದ ಪಾದ್ರಿಗಳು ಶೆಟ್ಟಿಹಳ್ಳಿಯಲ್ಲಿ ಕಲ್ಲು ಜೋಡಿಸ್ತಿದ್ದ ಕಾಲ.

ನಮ್ಮ ಕಡೆ ಧರ್ಮೋಪದೇಶದಲ್ಲಿ ಇವರ ಭಕ್ತಿಯ ಬಗ್ಗೆ ಹೇಳ್ತಾರೆ, ಉಳಿದದ್ದು ಬಿಟ್ಟುಬಿಡ್ತಾರೆ. ಝೆಲಿ ಲೇಸ್ ಹೆಣೆಸೋ ಉದ್ಯಮ ನಡೆಸ್ತಿದ್ದಳು, ಹೆಂಗಸರಿಗೆ ಕೆಲಸ ಕೊಡ್ತಿದ್ದಳು. ಲೂಯಿ ಗಡಿಯಾರದ ಅಂಗಡಿಯವನು. ಹೆಂಡತಿಯ ವ್ಯವಹಾರ ಬೆಳೆದಾಗ, 1870ರಲ್ಲಿ, ಅವನು ತನ್ನ ಅಂಗಡಿಯನ್ನೇ ಮಾರಿ ಅವಳ ಕೆಲಸಕ್ಕೆ ಕೈಜೋಡಿಸಿದ. ಹೆಂಡತಿಗೋಸ್ಕರ ಅಂಗಡಿ ಮುಚ್ಚಿದ ಗಂಡಸನ್ನ ನಮ್ಮ ನಾಲ್ಕು ತಾಲೂಕಿನಲ್ಲಿ ಇವತ್ತೂ ಏನಂತ ಕರೀತಾರೆ ಅಂತ ನಿಮಗೆ ಗೊತ್ತು. ಒಂಬತ್ತು ಮಕ್ಕಳು, ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು. ಝೆಲಿ 1877ರಲ್ಲಿ ಸ್ತನ ಕ್ಯಾನ್ಸರ್‌ಗೆ ಬಲಿಯಾದಳು. ಲೂಯಿ ಮುಪ್ಪಿನಲ್ಲಿ ಮೂರು ವರ್ಷ ಮಾನಸಿಕ ಆಸ್ಪತ್ರೆಯಲ್ಲಿದ್ದ. ಅಂಥವನೂ ಸಂತ.

ನನ್ನನ್ನ ಹೆಚ್ಚು ಕಾಡೋದು ಅವರ ಮೂರನೇ ಮಗಳು ಲಿಯೋನಿ. ಹಟಮಾರಿ, ಓದು ಹತ್ತದ, ಯಾರ ಮಾತೂ ಕೇಳದ ಹುಡುಗಿ ಅಂತ ಅವಳಿಗೆ ಹೆಸರು. ಮನೆಯಲ್ಲಿ ದಿನಾ ಪ್ರಾರ್ಥನೆ, ಸಂತರಾಗಲಿರೋ ಅಪ್ಪ ಅಮ್ಮ, ಆದರೂ ಮನೆಗೆಲಸದವಳು ಅದೇ ಸೂರಿನಡಿ ಆ ಮಗುವನ್ನ ಹೆದರಿಸಿ ಹಿಂಸಿಸ್ತಿದ್ದಳು. ತಾಯಿಗೆ ಅದು ಗೊತ್ತಾಗಿದ್ದು ತಾನು ಸಾಯೋ ವರ್ಷ. ಗೊತ್ತಾದ ಮೇಲೆ ಮಗಳನ್ನ ಪಕ್ಕಕ್ಕೆ ಕೂರಿಸಿಕೊಂಡು, ಉಳಿದ ದಿನಗಳನ್ನ ಅವಳಿಗೆ ಕೊಟ್ಟಳು. ಲಿಯೋನಿ ಮೂರು ಸಲ ಕಾನ್ವೆಂಟ್ ಸೇರಿ ವಾಪಸ್ ಬಂದಳು, ನಾಲ್ಕನೇ ಸಲ ನಿಂತಳು. 2015ರಲ್ಲಿ ಅವಳನ್ನೂ ಸಂತಳೆಂದು ಸಾರೋ ಪ್ರಕ್ರಿಯೆ ಶುರುವಾಗಿದೆ. ಪ್ರಾರ್ಥನೆ ಮಾಡೋ ಮನೆಯಲ್ಲಿ ಮಕ್ಕಳು ತಾನಾಗೇ ಸುರಕ್ಷಿತ ಅನ್ನೋರಿಗೆ ಈ ಕಥೆ ಹೇಳಬೇಕು. ಹಟ ಮಾಡೋ ಮಗುವಿಗೆ ಬೈಯೋ ಮೊದಲು ಏನಾಯ್ತು ಅಂತ ಕೇಳೋದು ಐವತ್ತು 'ನಮೋ ಮರಿಯ'ದಷ್ಟೇ ದೊಡ್ಡ ಜಪ ಅಂತ ನಾನಂತೂ ನಂಬ್ತೀನಿ.

ಈಗ ತಕರಾರಿನ ವಿಷಯಕ್ಕೆ ಬರೋಣ. 'ಸದ್ದಿಲ್ಲದ ಪಾವಿತ್ರ್ಯ' ಅನ್ನೋ ಮಾತು ಹೆಣ್ಣುಮಕ್ಕಳ ಬಾಯಿ ಮುಚ್ಚಿಸೋಕೆ ಸಲೀಸಾಗಿ ಬಳಕೆಯಾಗುತ್ತೆ. 'ಶಿಲುಬೆ ಹೊರಬೇಕಮ್ಮ, ಸಹಿಸ್ಕೋ' ಅನ್ನೋ ಉಪದೇಶ ಕೇಳಿ ಬೆಳೆದವಳು ನಾನು. ಆ ಉಪದೇಶ ಕುಡಿದು ಬರೋ ಗಂಡಸಿಗೆ ಹೇಳಿದ್ದನ್ನ ಕಮ್ಮಿ ಕೇಳಿದ್ದೀನಿ. ಸದ್ದು ಮಾಡದೆ ಇರೋದು ಬೇರೆ, ಸದ್ದು ಅಡಗಿಸೋದು ಬೇರೆ.

ಇದು ಹೊರಗಿನವರ ಟೀಕೆ ಅಂತ ತಳ್ಳಿಹಾಕೋಕೆ ಬರಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬದ ಬಗ್ಗೆ ಬರೆದ 'ಅಮೋರಿಸ್ ಲೆತೀತ್ಸಿಯ'ದ 241ನೇ ಪರಿಚ್ಛೇದ ನೋಡಿ. ಹಿಂಸೆ ಇರೋ ಕಡೆ, ದುರ್ಬಲ ಸಂಗಾತಿಯನ್ನ ಅಥವಾ ಮಕ್ಕಳನ್ನ ಕಾಪಾಡೋಕೆ, ದೂರ ಆಗೋದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಅನ್ನೋದು ಅದರ ಸಾರ. ಅದೇ ದಾಖಲೆಯಲ್ಲಿ ಮಕ್ಕಳ ಶಿಕ್ಷಣಕ್ಕೇ ಒಂದು ಅಧ್ಯಾಯ ಇದೆ. ಮಕ್ಕಳು ಪ್ರತಿಕ್ಷಣ ಎಲ್ಲಿದ್ದಾರೆ ಅಂತ ಕಾವಲು ಕಾಯೋದು ಬೆಳೆಸೋದಲ್ಲ, ಅವರು ತಮ್ಮ ಸ್ವಾತಂತ್ರ್ಯ ನಿಭಾಯಿಸೋ ಹಾಗೆ ಮಾಡೋದು ಮುಖ್ಯ ಅನ್ನುತ್ತೆ. ಮನೆಯಲ್ಲಿ ಮೂರು ಮಾತು ಇರಲಿ ಅನ್ನುತ್ತೆ: ಕೇಳಿ ಮಾಡೋದು, ಧನ್ಯವಾದ, ಕ್ಷಮಿಸು. ನಮ್ಮ ಕಡೆ ಅಮ್ಮನಿಗೆ ಥ್ಯಾಂಕ್ಸ್ ಅಂದರೆ 'ಯಾಕೋ, ಮೈ ಹುಷಾರಿಲ್ವಾ?' ಅಂತಾರೆ. ಅಪ್ಪ ಮಗಳಿಗೆ 'ತಪ್ಪಾಯ್ತು ಕಣಮ್ಮ' ಅನ್ನೋದು ಅದಕ್ಕಿಂತ ಅಪರೂಪ. ಜಪಸರ ಮುಗಿದ ಮೇಲೆ ಗಂಡಸರು ಟಿವಿ ಮುಂದೆ, ಹೆಂಗಸರು ಪಾತ್ರೆ ಮುಂದೆ. ನಾನು ಕಂಡ ಒಬ್ಬರು ಮೇಷ್ಟ್ರು ಮಾತ್ರ ಪ್ರಾರ್ಥನೆ ಆದ ತಕ್ಷಣ ಪಂಚೆ ಮೇಲೆ ಕಟ್ಟಿ ಹಿತ್ತಲಿಗೆ ಪಾತ್ರೆ ತೊಳೆಯೋಕೆ ಹೋಗ್ತಿದ್ದರು. ಆಡಿಕೊಳ್ಳೋರು ಆಡಿಕೊಂಡರು. ಅವರ ಗಂಡುಮಕ್ಕಳು ಇವತ್ತು ತಮ್ಮ ಮನೆಗಳಲ್ಲಿ ಅದನ್ನೇ ಮಾಡ್ತಾರೆ.

ನಮ್ಮಲ್ಲಿ ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರೂ ಸಿದ್ಧತಾ ಶಿಬಿರಕ್ಕೆ ಹೋಗಬೇಕು, ಸರ್ಟಿಫಿಕೇಟ್ ತರಬೇಕು. ಅಲ್ಲಿ ಆ 241ನೇ ಪರಿಚ್ಛೇದವನ್ನ ಕನ್ನಡದಲ್ಲಿ, ಇಬ್ಬರನ್ನೂ ಎದುರಿಗೆ ಕೂರಿಸಿ, ಜೋರಾಗಿ ಓದಿಸಲಿ. ಎರಡು ನಿಮಿಷ ಸಾಕು.